ಮುಪ್ಪಿನ ಮರೆವನ್ನು ಕುರಿತು

ಅರುವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ನಮ್ಮ ಹಳ್ಳಿಗಳಲ್ಲಿ ಕೇಳದವರಿಲ್ಲ. ಅಜ್ಜನು ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲಾ ಹುಡುಕಿದರೂ ಈ ಗಾದೆಯನ್ನು ಹೇಳುವರು. ಅಜ್ಜಿಯು ಐವತ್ತು ವರುಷ ನಡೆದ ಹಾದಿಯಲ್ಲಿ ದಿಕ್ಕು ತೋಚದೆ ನಿಂತುಕೊಂಡರೂ ಈ ಗಾದೆಯನ್ನೇ ಹೇಳುವರು. ಒಂದೇ ಮಾತು ಈ ಎರಡು ಸಂಗತಿಗಳಿಗೂ ಸಲ್ಲುವದೆಂದು ಜನರು ತಿಳುಕೊಂಡಿರುವದರಿಂದ ಎರಡು ಕಡೆಯಲ್ಲಿಯೂ ಹಾನಿಯಾಗುತ್ತಿದೆ. ಕನ್ನಡಕ ಹುಡುಕುವವನು ಕಾರಣವಿಲ್ಲದೆ ಹೆದರುವನು. ಹಾದಿ ತಪ್ಪಿದವಳನ್ನೋ ಯಾರೂ ವೈದ್ಯರ ಬಳಿಗೆ ಕರೆದುಕೊಂಡು ಹೋಗುವದಿಲ್ಲ. ಆದದರಿಂದ ಈ ತಿಂಗಳ ಪಾಠದಲ್ಲಿ ಯಾವ ಮರೆವು ವಯಸ್ಸಿಗೆ ಸಹಜವಾದದ್ದು, ಯಾವದು ರೋಗದ ಗುರುತು, ಯಾವಾಗ ಇನ್ನು ತಡಮಾಡದೆ ಸಲಹೆ ಕೇಳತಕ್ಕದ್ದು ಎಂಬದನ್ನು ವಿಚಾರಿಸಬೇಕೆಂದಿದ್ದೇವೆ.

ನಮಗೆ ಚೆನ್ನಾಗಿ ಪರಿಚಯವಿರುವ ಒಬ್ಬ ಹಿರಿಯರ ಸಂಗತಿಯನ್ನು ಮೊದಲು ಹೇಳುವೆವು, ಹೆಸರು ಬೇಡ. ಅವರು ತಮ್ಮ ಊರಿನ ಹಾಲಿನ ಸಂಘದಲ್ಲಿ ಇಪ್ಪತ್ತು ವರುಷಕ್ಕಿಂತ ಹೆಚ್ಚು ಕಾಲ ಲೆಕ್ಕ ಬರೆದವರು. ಯಾರ ಹಾಲು ಎಷ್ಟು ಲೀಟರು, ಯಾರಿಂದ ಹಿಂಡಿಯ ಬಾಬ್ತು ಎಷ್ಟು ಹಿಡಿಯಬೇಕು ಎಂಬದನ್ನು ಪುಸ್ತಕ ತೆರೆಯದೆಯೇ ಹೇಳುತ್ತಿದ್ದರು. ಹಣವನ್ನು ಇನ್ನೂ ಕೈಯಿಂದ ಕೈಗೆ ಕೊಡುತ್ತಿದ್ದ ಕಾಲವದು. ಅವರಿಗೆ ಎಪ್ಪತ್ತು ತುಂಬುವ ಹೊತ್ತಿಗೆ ಬಟವಾಡೆಯಲ್ಲಿ ತಪ್ಪು ಕಾಣತೊಡಗಿತು. ಒಬ್ಬ ವಿಧವೆಗೆ ಎರಡು ಸಾರಿ ಹಣ ಕೊಟ್ಟರು. ಇನ್ನೊಬ್ಬನಿಗೆ ಕೊಡದೆ ಕೊಟ್ಟೆನೆಂದು ಸಾಧಿಸಿದರು. ಜನರು ಮೊದಲು ನಕ್ಕರು, ಆಮೇಲೆ ಗುಸುಗುಸು ಮಾತಾಡಿದರು, ಕಡೆಗೆ ಸಭೆ ಸೇರಿಸಿ ಕೊರತೆಯ ಹಣವನ್ನು ಕಟ್ಟಬೇಕೆಂದು ಕೇಳಿದರು. ಮಗನು ಒಂದು ಹಸುವನ್ನು ಮಾರಿ ಹಣ ಕಟ್ಟಿದನು. ಅಂದು ಆ ಸಭೆಯಲ್ಲಿ ನಾವೂ ಕೂತಿದ್ದೆವು, ಮತ್ತು ಅವರ ಪರವಾಗಿ ಬಾಯಿ ತೆರೆಯಲಿಲ್ಲ. ಯಾಕಂದರೆ ನಮ್ಮ ಮನಸ್ಸಿನಲ್ಲಿಯೂ ಸಂಶಯವಿತ್ತು.

ಇದಾಗಿ ಕೆಲವು ತಿಂಗಳ ಮೇಲೆ ಪಟ್ಟಣದಲ್ಲಿದ್ದ ಮಗಳು ಊರಿಗೆ ಬಂದಳು. ತಂದೆಯು ಒಂದೇ ಊಟದ ಹೊತ್ತಿನಲ್ಲಿ, ನಿನ್ನ ಗಂಡನು ಯಾವ ಬಸ್ಸಿಗೆ ಬರುವನು ಎಂದು ನಾಲ್ಕು ಸಾರಿ ಕೇಳಿದರು. ಕೈ ತೊಳೆದು ಬಂದ ಸ್ವಲ್ಪ ಹೊತ್ತಿಗೆ, ನನಗೆ ಇನ್ನೂ ಯಾರೂ ಊಟಕ್ಕೆ ಬಡಿಸಲಿಲ್ಲವೆಂದು ಸಿಟ್ಟುಮಾಡಿದರು. ಸಂಗಡ ಇದ್ದವರಿಗೆ ಇದು ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಬಂದದ್ದರಿಂದ ಕಾಣಲಿಲ್ಲ. ವರುಷದ ಮೇಲೆ ಬಂದ ಮಗಳಿಗೆ ಒಂದೇ ದಿನದಲ್ಲಿ ಕಂಡಿತು. ಅವಳು ಅವರನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದಳು. ವೈದ್ಯರು ಪರೀಕ್ಷಿಸಿ, ಇದು ಮೆದುಳಿನ ರೋಗ, ಆರಂಭವಾಗಿ ಎರಡು ಮೂರು ವರುಷವಾದರೂ ಆಗಿರಬೇಕು ಎಂದು ಹೇಳಿದರು. ಅವರು ಒಂದು ಕಾಸನ್ನೂ ಕದ್ದವರಲ್ಲ. ಈ ವರ್ತಮಾನ ಊರಿಗೆ ಬಂದಾಗ ಸಂಘದವರು ಇನ್ನೊಮ್ಮೆ ಸಭೆ ಸೇರಿ, ಮೊದಲು ಬರೆದ ಠರಾವನ್ನು ಹೊಡೆದುಹಾಕಿ, ಹಸುವಿನ ಹಣವನ್ನು ತಿರುಗಿ ಕೊಟ್ಟರು. ಆದರೆ ಅಪವಾದ ಹೊತ್ತುಕೊಂಡು ಕಳೆದ ಆ ತಿಂಗಳುಗಳನ್ನು ಯಾರೂ ತಿರುಗಿ ಕೊಡಲಾಗಲಿಲ್ಲ.

ಈಗ ಪಾಠಕ್ಕೆ ಬರೋಣ. ವಯಸ್ಸಾದಂತೆ ಮೊಣಕಾಲು ಬಿಗಿಯುವ ಹಾಗೆ ಮೆದುಳಿನ ನಡಿಗೆಯೂ ನಿಧಾನವಾಗುವದು, ಅದು ರೋಗವಲ್ಲ. ಕಣಜದೊಳಗೆ ಧಾನ್ಯವಿದೆ, ಬಾಗಿಲು ಮಾತ್ರ ಬಿಗಿಯಾಗಿದೆ ಎಂದು ಭಾವಿಸಿಕೊಳ್ಳಿರಿ. ಸಂತೆಯಲ್ಲಿ ಎದುರಾದ ಹಳೆಯ ಪರಿಚಿತನ ಹೆಸರು ನಾಲಿಗೆಯ ತುದಿಯಲ್ಲಿ ನಿಂತು ಹೊರಗೆ ಬಾರದು. ಮನೆಗೆ ಬಂದು ಕಾಲು ತೊಳೆಯುವಾಗ ತಾನಾಗಿಯೇ ನೆನಪಾಗುವದು. ಏನನ್ನೋ ತರಲಿಕ್ಕೆ ಒಳಗೆ ಹೋಗಿ, ಏನನ್ನೆಂದು ತಿಳಿಯದೆ ನಿಂತು, ತಿರುಗಿ ಜಗಲಿಗೆ ಬಂದಾಗ ಅದು ಹೊಳೆಯುವದು. ಒಬ್ಬ ಮೊಮ್ಮಗನನ್ನು ಕರೆಯಲು ಹೋಗಿ ಇನ್ನಿಬ್ಬರ ಹೆಸರು ಹೇಳಿದ ಮೇಲೆ ಅವನ ಹೆಸರು ಬಾಯಿಗೆ ಬರುವದು. (ಇದು ಮುದುಕರಿಗೆ ಮಾತ್ರವಲ್ಲ, ನಾಲ್ಕು ಮಕ್ಕಳಿರುವ ಯಾವ ತಾಯಿಗಾದರೂ ಆಗುವದೆಂಬದನ್ನು ನಮ್ಮ ಓದುಗರೇ ಬಲ್ಲರು.) ಇಂಥವರು ತಾವು ಮರೆತೆವೆಂದು ತಾವೇ ಬಲ್ಲರು, ಸುಳಿವು ಕೊಟ್ಟರೆ ನೆನಪುಮಾಡಿಕೊಳ್ಳುವರು, ತಮ್ಮ ದಿನದ ಕೆಲಸವನ್ನು ತಾವೇ ನಡಿಸುವರು. ಬಹುಕಾಲದಿಂದ ಕಲಿತ ಮಾತುಗಳು, ಕಸುಬಿನ ಅರಿವು, ವ್ಯವಹಾರದ ವಿವೇಕ ಇವು ಅವರಲ್ಲಿ ಕುಂದುವದಿಲ್ಲ. ಇವರಿಗೆ ಒಂದು ಕ್ಯಾಲೆಂಡರು, ಒಂದು ಚೀಟಿಪುಸ್ತಕ, ಬೀಗದಕೈಗೆ ಗೋಡೆಯ ಮೇಲೆ ಒಂದು ಮೊಳೆ ಇದ್ದರೆ ಸಾಕು.

ರೋಗದ ಮರೆವು ಬೇರೆ. ಅಲ್ಲಿ ಹೊಸ ಧಾನ್ಯವು ಕಣಜದೊಳಗೆ ಹೋಗುವದೇ ಇಲ್ಲ. ಬಾಗಿಲನ್ನು ಎಷ್ಟು ಹೊತ್ತು ತಟ್ಟಿದರೂ ಏನೂ ಹೊರಗೆ ಬಾರದು. ನಿನ್ನೆ ಮದುವೆಗೆ ಹೋದದ್ದನ್ನು ಮರೆತವರಿಗೆ ಸುಳಿವು ಕೊಟ್ಟರೂ, ಅಲ್ಲಿಯ ಊಟದ ಸುದ್ದಿ ಹೇಳಿದರೂ, ಹೋದ ನೆನಪೇ ಇರದು. ಆದರೆ ತಮ್ಮ ಬಾಲ್ಯದಲ್ಲಿ ಕೆರೆ ಕೋಡಿ ಬಿದ್ದ ವರುಷವನ್ನು ನಿನ್ನೆ ನಡೆದಂತೆ ಹೇಳುವರು. ಹಳೆಯದು ಇಷ್ಟು ಚೆನ್ನಾಗಿ ನೆನಪಿರುವಾಗ ರೋಗ ಎಲ್ಲಿಯದು ಎಂದು ಮನೆಯವರು ಮೋಸಹೋಗುವದು ಇಲ್ಲಿಯೇ. ಹಳೆಯ ನೆನಪು ಕಡೆಗೆ ಅಳಿಯುವಂಥಾದ್ದು, ಹೊಸದು ಮೊದಲು.

ಇನ್ನೂ ಕೆಲವು ಗುರುತುಗಳನ್ನು ಗಮನಿಸತಕ್ಕದ್ದು. ಐವತ್ತು ವರುಷ ಮುದ್ದೆ ತೊಳಸಿದ ಕೈ, ನೀರು ಮೊದಲೋ ಹಿಟ್ಟು ಮೊದಲೋ ಎಂದು ತಿಳಿಯದೆ ನಿಲ್ಲುವದು. ಬೀಗದಕೈಯನ್ನು ಎಲ್ಲಿಟ್ಟೆನೆಂದು ಮರೆಯುವದು ಸಹಜ; ಅದನ್ನು ಅಕ್ಕಿಯ ಡಬ್ಬಿಯೊಳಗಿಟ್ಟು, ಸೊಸೆಯು ಕದ್ದಳೆಂದು ನೆರೆಹೊರೆಯವರಿಗೆ ಹೇಳುವದು ಸಹಜವಲ್ಲ. ಮೊಮ್ಮಗನ ಹೆಸರು ತಪ್ಪುವದು ಸಹಜ. ಈ ಹುಡುಗನು ಯಾರ ಮನೆಯವನು ಎಂದು ಕೇಳುವದು ಸಹಜವಲ್ಲ. ಅಂಗಡಿಯಲ್ಲಿ ಚಿಲ್ಲರೆ ಎಣಿಸಲಾಗದೆ ಎಲ್ಲಾ ನೋಟುಗಳನ್ನು ಅಂಗಡಿಯವನ ಮುಂದೆ ಹಿಡಿಯುವದು, ತನ್ನ ಹೊಲದಿಂದ ಮನೆಗೆ ದಾರಿ ತಪ್ಪುವದು, ಹೊತ್ತು ಮುಳುಗಿದ ಮೇಲೆ ತನ್ನ ಮನೆಯಲ್ಲಿಯೇ ಇದ್ದು ಮನೆಗೆ ಹೋಗಬೇಕೆಂದು ಹಟಮಾಡುವದು, ಸೌಮ್ಯನಾಗಿದ್ದವನು ಕಾರಣವಿಲ್ಲದೆ ಬೈಯುವದು, ಎಲ್ಲರೊಡನೆ ಬೆರೆಯುತ್ತಿದ್ದವಳು ಮೂಲೆ ಹಿಡಿಯುವದು, ಇವು ಒಂದೆರಡು ಸಾರಿ ಅಲ್ಲ, ಕೆಲವು ತಿಂಗಳಿಂದ ಹೆಚ್ಚುತ್ತಾ ಬಂದಿದ್ದರೆ ವೈದ್ಯರನ್ನು ನೋಡುವ ಕಾಲ ಬಂದಿದೆ. ಇಲ್ಲಿ ಒಂದು ವಿಚಿತ್ರವುಂಟು: ನನಗೆ ಮರೆವು ಬಂದಿದೆ ಎಂದು ತಾನೇ ಚಿಂತಿಸಿ ಓಡಿ ಬರುವವರಲ್ಲಿ ಅನೇಕರಿಗೆ ಈ ರೋಗವಿರುವದಿಲ್ಲ, ತನಗೆ ಏನೂ ಆಗಲಿಲ್ಲವೆಂದು ಹೇಳುವವನ ಹಿಂದೆ ಹೆಂಡತಿಯು ಕಣ್ಣೊರಸಿಕೊಂಡು ನಿಂತಿದ್ದರೆ ವೈದ್ಯರು ಅವಳ ಮಾತಿಗೆ ಹೆಚ್ಚು ಕಿವಿಗೊಡುವರು. ಹಾಗೆಂದು ತಾನೇ ಚಿಂತಿಸುವವನು ವೈದ್ಯರನ್ನು ಕೇಳಬಾರದೆಂದಲ್ಲ. ಕೇಳಿದರೆ ಅವನ ಭಯವಾದರೂ ಹೋಗುವದು.

ಇದು ವಯಸ್ಸಲ್ಲ, ರೋಗವೇ ಎಂಬದಕ್ಕೆ ಸಾಕ್ಷಿಯೇನು? ಜರ್ಮನಿ ದೇಶದ ಫ್ರಾಂಕ್‌ಫರ್ಟ್ ಪಟ್ಟಣದ ಆಸ್ಪತ್ರೆಗೆ 1901ರಲ್ಲಿ ಆಗುಸ್ಟೆ ಎಂಬ ಹೆಂಗಸನ್ನು ತಂದರು. ಅವಳಿಗೆ ಆಗ 51 ವರುಷ ಮಾತ್ರ. ತನ್ನ ಹೆಸರನ್ನು ಬರೆಯಲು ತೊಡಗಿದರೆ ನಡುವೆ ಮರೆತು ನಿಲ್ಲುವಳು. ಗಂಡನ ಮೇಲೆ ಇಲ್ಲದ ಸಂಶಯಪಡುವಳು. ಅವಳನ್ನು ನೋಡಿಕೊಂಡ ಅಲೋಯಿಸ್ ಅಲ್‌ಜೈಮರ್ ಎಂಬ ವೈದ್ಯರು, 1906ರಲ್ಲಿ ಅವಳು ತೀರಿಕೊಂಡ ಮೇಲೆ ಅವಳ ಮೆದುಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ಅದು ಬಹಳವಾಗಿ ಸೊರಗಿರುವದನ್ನೂ ಅದರೊಳಗೆ ಆರೋಗ್ಯವಂತರಲ್ಲಿ ಅಷ್ಟಾಗಿ ಕಾಣದ ಗಂಟುಗಳೂ ಕಲೆಗಳೂ ತುಂಬಿರುವದನ್ನೂ ಕಂಡು, ಅದೇ ವರುಷದ ನವೆಂಬರ್ ತಿಂಗಳಲ್ಲಿ ಟ್ಯೂಬಿಂಗನ್ ಪಟ್ಟಣದ ವೈದ್ಯರ ಕೂಟದಲ್ಲಿ ಹೇಳಿದರು. 1910ರಿಂದ ಆ ರೋಗಕ್ಕೆ ಅವರ ಹೆಸರೇ ನಿಂತಿತು. ನೆನಪೂ ವಿವೇಕವೂ ಕ್ರಮವಾಗಿ ಕುಂದಿ ದಿನದ ಬಾಳಿಕೆಯನ್ನೇ ಕೆಡಿಸುವ ಸ್ಥಿತಿಗೆ ವೈದ್ಯರು ಡಿಮೆನ್ಶಿಯ ಎಂದು ಹೇಳುವರು. ಅದಕ್ಕೆ ಕಾರಣವಾದ ರೋಗಗಳು ಹಲವಿದ್ದು, ಅಲ್‌ಜೈಮರ್ ರೋಗವು ಅವುಗಳಲ್ಲಿ ಹೆಚ್ಚಾಗಿ ಕಾಣುವಂಥಾದ್ದು. ನಮ್ಮ ದೇಶದಲ್ಲಿ 60 ದಾಟಿದವರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನದ ಪ್ರಕಾರ ಅವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಸ್ಥಿತಿಯುಂಟು. ಲೆಕ್ಕ ದೊಡ್ಡದೇ. ಆದರೂ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಅದು ಇಲ್ಲವೆಂಬದನ್ನು ನೋಡಿದರೆ, ಅರುವತ್ತಕ್ಕೆ ಅರಳು ಮರಳು ಎಂಬ ಗಾದೆಯು ಸುಳ್ಳೆಂದು ಹೇಳಲಿಕ್ಕೆ ನಾವು ಅಂಜುವದಿಲ್ಲ.

ಹೇಗೂ ಗುಣವಾಗದ ರೋಗವಾದರೆ ವೈದ್ಯರ ಬಳಿಗೆ ಹೋಗಿ ಏನು ಪ್ರಯೋಜನ ಎಂದು ಕೇಳುವವರುಂಟು. ಈ ಪ್ರಶ್ನೆಗೆ ಉತ್ತರವಾಗಿ ಒಬ್ಬ ಅಜ್ಜಿಯ ಸಂಗತಿ. ಅವರು ಹಗಲೆಲ್ಲಾ ತೂಕಡಿಸುವರು, ಒಲೆಯ ಮೇಲೆ ಪಾತ್ರೆಯಿಟ್ಟು ಮರೆಯುವರು, ಮಾತು ತೊದಲುವದು. ಮನೆಯವರು ಗಾದೆಯನ್ನು ಹೇಳಿ ಸುಮ್ಮನಾಗಿದ್ದರು. ಊರಿನ ಆಶಾ ಕಾರ್ಯಕರ್ತೆಯು ಅವರ ದಿಂಬಿನ ಕೆಳಗಿನ ಮಾತ್ರೆಗಳನ್ನೆಲ್ಲಾ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿಗೆ ಕರೆದುಕೊಂಡು ಹೋದಳು. ನೋಡಲಾಗಿ, ಮೈ ತುರಿಕೆಗೆಂದು ಅಂಗಡಿಯಿಂದ ತಂದ ಒಂದು ಮಾತ್ರೆ, ನಿದ್ದೆಗೆಂದು ಯಾರೋ ಎಂದೋ ಬರೆದುಕೊಟ್ಟ ಇನ್ನೊಂದು ಮಾತ್ರೆ, ಎರಡನ್ನೂ ಅವರು ಎರಡು ವರುಷದಿಂದ ಪ್ರತಿ ರಾತ್ರಿ ನುಂಗುತ್ತಿದ್ದರು. ವೈದ್ಯರು ಮೊದಲನೆಯದನ್ನು ಬಿಡಿಸಿ, ಎರಡನೆಯದನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆಮಾಡಿದರು. ಎರಡು ತಿಂಗಳಲ್ಲಿ ಅಜ್ಜಿಯು ಮೊದಲಿನ ಹಾಗೆ ಸೊಸೆಯ ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಪ್ಪು ಹಿಡಿಯುವಷ್ಟು ಚುರುಕಾದರು.

ಮಾತ್ರೆ ಮಾತ್ರವಲ್ಲ, ಮರೆವನ್ನು ತರುವ ಮತ್ತು ತಿದ್ದಬಹುದಾದ ಕಾರಣಗಳು ಇನ್ನೂ ಇವೆ. ಕೊರಳಿನ ಥೈರಾಯಿಡ್ ಗ್ರಂಥಿಯ ಕೆಲಸ ಕುಂದಿದರೆ ಮನಸ್ಸೂ ಮಂದವಾಗುವದು. ಬಿ12 ಎಂಬ ಜೀವಸತ್ವವು ಕಡಿಮೆಯಾದರೂ ಹಾಗೆಯೇ. ಮಾಂಸ, ಮೊಟ್ಟೆ, ಹಾಲು ಇವು ಸಾಲದವರಲ್ಲಿಯೂ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುವರುಷ ತಕ್ಕೊಂಡವರಲ್ಲಿಯೂ ಇದು ಕಾಣುವದುಂಟು. (ಇದನ್ನು ಓದಿ ಯಾರೂ ತಾವಾಗಿಯೇ ಆ ಮಾತ್ರೆಯನ್ನು ನಿಲ್ಲಿಸಬಾರದು, ರಕ್ತಪರೀಕ್ಷೆ ಮಾಡಿಸಿರಿ.) ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟುಬಿದ್ದ ಕೆಲವು ವಾರಗಳ ಮೇಲೆ ತೂಕಡಿಕೆ, ಗಲಿಬಿಲಿ, ನಡಿಗೆಯಲ್ಲಿ ತೂರಾಟ ಕಂಡರೆ ತಲೆಬುರುಡೆಯೊಳಗೆ ರಕ್ತ ಕಟ್ಟಿಕೊಂಡಿರಬಹುದು, ಅದನ್ನು ಶಸ್ತ್ರವೈದ್ಯರು ತೆಗೆಯಬಲ್ಲರು. ಕುಡಿತವು ನೆನಪನ್ನು ಕೆಡಿಸುವದೆಂದು ಬೇರೆ ಹೇಳಬೇಕಾಗಿಲ್ಲ. ಸಂಗಾತಿಯು ತೀರಿಕೊಂಡ ಮೇಲೆ ಮನಸ್ಸು ಕುಗ್ಗಿ ಊಟ ನಿದ್ದೆ ಬಿಟ್ಟವರೂ ಮರೆಗುಳಿಗಳ ಹಾಗೆ ಕಾಣುವರು. ಅವರಿಗೆ ಬೇಕಾದದ್ದು ಬೇರೆ ಚಿಕಿತ್ಸೆ. ಕಿವಿ ಕೇಳದವನಿಗೆ ಹೇಳಿದ್ದು ನೆನಪಿರುವದು ಹೇಗೆ? ಅದು ಅವನಿಗೆ ಮುಟ್ಟಲೇ ಇಲ್ಲ.

ಒಂದು ಸಂಗತಿಯನ್ನು ಮಾತ್ರ ಎಲ್ಲಕ್ಕಿಂತ ಹೆಚ್ಚಾಗಿ ನೆನಪಿಡಬೇಕೆಂದು ಬೇಡುತ್ತೇವೆ. ಮೇಲೆ ಹೇಳಿದ ರೋಗವು ತಿಂಗಳು ವರುಷಗಳಲ್ಲಿ ಮೆಲ್ಲನೆ ಬರುವಂಥಾದ್ದು. ನಿನ್ನೆ ಚೆನ್ನಾಗಿದ್ದ ಮುದುಕರು ಇಂದು ಗಲಿಬಿಲಿಗೊಂಡು, ಇಲ್ಲದವರನ್ನು ಕಂಡಂತೆ ಮಾತಾಡಿ, ಒಮ್ಮೆ ಎಚ್ಚರ ಒಮ್ಮೆ ಮಂಪರು ಹೀಗಿದ್ದರೆ ಅದು ಅರಳು ಮರಳಲ್ಲ, ದೆವ್ವದ ಕಾಟವೂ ಅಲ್ಲ. ಮೂತ್ರದ ಸೋಂಕು, ನ್ಯುಮೋನಿಯ, ಮೈಯಲ್ಲಿ ನೀರೂ ಉಪ್ಪಿನ ಅಂಶವೂ ಕಡಿಮೆಯಾಗಿರುವದು, ಸಕ್ಕರೆ ತೀರ ಇಳಿದಿರುವದು, ಹೊಸ ಔಷಧ, ಇವುಗಳಲ್ಲಿ ಯಾವದಾದರೂ ಕಾರಣವಿರಬಹುದು. ಮುದುಕರಲ್ಲಿ ಜ್ವರವಿಲ್ಲದೆಯೂ ಸೋಂಕು ಹೀಗೆ ಕಾಣಿಸಿಕೊಳ್ಳುವದುಂಟು. ಅವರನ್ನು ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು. ಬಾಯಿ ಒಂದು ಕಡೆಗೆ ಸೊಟ್ಟಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ಕಟ್ಟಿದರೆ ಅದು ಲಕ್ವ. ಅರ್ಧ ಗಳಿಗೆಯೂ ಕಾಯದೆ 108ಕ್ಕೆ ಫೋನ್ ಮಾಡಿರಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದನ್ನು ಸಾಧಾರಣವಾಗಿ ಮೊದಲ ನಾಲ್ಕೂವರೆ ತಾಸಿನೊಳಗೇ ಕೊಡಬೇಕಾಗಿದೆ. ಎಣ್ಣೆ ತಿಕ್ಕುತ್ತಾ, ನಾಳೆ ನೋಡೋಣವೆಂದು ಕೂತವರು ಆ ಹೊತ್ತನ್ನು ಕಳಕೊಳ್ಳುವರು.

ವೈದ್ಯರ ಬಳಿಗೆ ಹೋಗುವಾಗ ಸಂಗಡ ಇರುವವರೊಬ್ಬರು ಹೋಗಬೇಕು. ಅಂಗಡಿಯವೂ ನಾಟಿ ಮದ್ದುಗಳೂ ಸೇರಿ ಮನೆಯಲ್ಲಿರುವ ಎಲ್ಲಾ ಔಷಧಗಳನ್ನು ಒಂದು ಚೀಲದಲ್ಲಿ ಒಯ್ಯಿರಿ. ಮೊದಲು ಏನು ಕಂಡಿತು, ಯಾವ ಹಬ್ಬದ ಅಥವಾ ಯಾವ ಸುಗ್ಗಿಯ ಹೊತ್ತಿಗೆ ಕಂಡಿತು, ಆಮೇಲೆ ಹೆಚ್ಚಿತೋ ಹಾಗೆಯೇ ಇದೆಯೋ ಎಂಬದನ್ನು ಮುಂದಾಗಿ ಒಂದು ಕಾಗದದಲ್ಲಿ ಬರೆದುಕೊಳ್ಳಿರಿ. ವೈದ್ಯರು ಇಂದು ಯಾವ ವಾರವೆಂದು ಕೇಳುವರು, ಮೂರು ಮಾತು ಹೇಳಿ ಸ್ವಲ್ಪ ಹೊತ್ತಿನ ಮೇಲೆ ಅವುಗಳನ್ನು ತಿರುಗಿ ಕೇಳುವರು, ಗಡಿಯಾರದ ಚಿತ್ರ ಬರೆಯಿಸುವರು, ರಕ್ತವನ್ನು ಪರೀಕ್ಷಿಸುವರು; ಬೇಕಾದರೆ ತಲೆಯ ಚಿತ್ರ ತೆಗೆಸುವರು. ಅಕ್ಷರ ಬಾರದವರು ಇದಕ್ಕೆ ನಾಚಬೇಕಾಗಿಲ್ಲ. ಓದು ಬರಹ ಬಾರದ ಹಳ್ಳಿಯ ಹಿರಿಯರಿಗೆಂದೇ ಹರಿಯಾಣದ ಬಲ್ಲಭಗಢದ ಕಡೆಯಲ್ಲಿ 1990ರ ದಶಕದಲ್ಲಿ ವೈದ್ಯರು ಬೇರೆ ಪ್ರಶ್ನೆಗಳನ್ನು ಸಿದ್ಧಮಾಡಿದರು. ಶಾಲೆಗೆ ಹೋಗದಿರುವದನ್ನು ರೋಗವೆಂದು ಎಣಿಸಬಾರದೆಂಬದೇ ಅವರ ಉದ್ದೇಶ. ಎಲ್ಲಿಗೆ ಹೋಗುವದೆಂದು ತಿಳಿಯದವರು ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲಿ. 2022ರಲ್ಲಿ ನಮ್ಮ ರಾಜ್ಯದ ಸರಕಾರವೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಕೂಡಿ ಮೆದುಳಿನ ಆರೋಗ್ಯಕ್ಕಾಗಿ ಒಂದು ಕಾರ್ಯವನ್ನು ಆರಂಭಿಸಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಅದಕ್ಕೆಂದು ಕ್ಲಿನಿಕ್‌ಗಳನ್ನು ತೆರೆಯತೊಡಗಿದವು. ಹಿರಿಯರ ಸಹಾಯಕ್ಕೆ 14567, ಮನಸ್ಸಿನ ತೊಂದರೆಗೆ 14416 ಎಂಬ ಫೋನ್‌ಗಳಲ್ಲಿ ಕಾಸಿಲ್ಲದೆ ಕೇಳಬಹುದು.

ರೋಗವೇ ಎಂದು ಗೊತ್ತಾದರೆ, ಡೊನೆಪೆಜಿಲ್ ಮೊದಲಾದ ಮದ್ದುಗಳು ಕೆಲವರಿಗೆ ಕೆಲವು ಕಾಲ ಅನುಕೂಲಮಾಡುವವು, ಬೇರುಸಹಿತ ಕೀಳುವದಿಲ್ಲ. ಜಾತ್ರೆಯಲ್ಲಿಯೂ ಟಿ.ವಿ.ಯಲ್ಲಿಯೂ ಮಾರುವ ಜ್ಞಾಪಕಶಕ್ತಿಯ ಟಾನಿಕ್‌ಗಳಿಗೆ ಹಣ ಸುರಿಯಬೇಡಿರಿ. ಮುಂಚೆಯೇ ತಿಳಿದರೆ ಆಗುವ ದೊಡ್ಡ ಲಾಭವು ಬೇರೆಯದು: ಅವರಿಗೆ ಇನ್ನೂ ತಿಳುವಳಿಕೆಯಿರುವಾಗಲೇ ಜಮೀನು, ಬ್ಯಾಂಕು, ಪಿಂಚಣಿ ಇವುಗಳ ಕಾಗದಪತ್ರಗಳನ್ನು ಅವರ ಇಷ್ಟದಂತೆ ಸರಿಮಾಡಬಹುದು. ತಿಳುವಳಿಕೆ ಹೋದವರ ಹೆಬ್ಬೆರಳನ್ನು ಹಿಡಿದು ಕಾಗದಕ್ಕೆ ಒತ್ತಿಸುವ ಬಂಧುಗಳನ್ನು ನಾವು ಕಂಡಿದ್ದೇವೆ, ಅದು ಕಳ್ಳತನವೇ.

ಬರುವದನ್ನು ತಡೆಯುವದು ಸಾಧ್ಯವೋ? ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯು ನೇಮಿಸಿದ ಪಂಡಿತರು 2024ರಲ್ಲಿ 14 ಕಾರಣಗಳನ್ನು ಎಣಿಸಿ, ಅವುಗಳನ್ನೆಲ್ಲಾ ನೀಗಿದರೆ ನೂರರಲ್ಲಿ ಸುಮಾರು 45 ಪಾಲು ರೋಗವನ್ನು ತಡೆಯುವದಕ್ಕೆ ಅಥವಾ ಮುಂದೂಡುವದಕ್ಕೆ ಆದೀತೆಂದು ಹೇಳಿದರು. ರಕ್ತದೊತ್ತಡ, ಸಕ್ಕರೆ, ಧೂಮಪಾನ, ಕಿವುಡು, ಮಸುಕಾದ ಕಣ್ಣು, ಒಂಟಿತನ ಇವೆಲ್ಲಾ ಅವುಗಳಲ್ಲಿ ಸೇರಿವೆ. ಕಣ್ಣಿನ ಪೊರೆ ತೆಗೆಸುವದಕ್ಕೂ ಕಿವಿಗೆ ಯಂತ್ರವಿಡಿಸುವದಕ್ಕೂ ಮುದುಕರಿಗೆ ಇನ್ನು ಯಾಕೆ ಎಂದು ಹೇಳುವ ಮಕ್ಕಳು ಇದನ್ನು ಎರಡು ಸಾರಿ ಓದಲಿ.

ಕಡೆಯದಾಗಿ ಮನೆಯಲ್ಲಿ ನಡೆದುಕೊಳ್ಳುವ ರೀತಿ. ಮರೆತವರನ್ನು ಪರೀಕ್ಷೆಮಾಡಬೇಡಿರಿ, ನಾನು ಯಾರು ಹೇಳು ನೋಡೋಣ ಎಂದು ನೆಂಟರ ಮುಂದೆ ಕೇಳುವದು ಬಹು ಕ್ರೂರವಾದ ವಿನೋದ. ನಮ್ಮ ನೆರೆಯ ಒಬ್ಬ ಅಜ್ಜಿಯು ಹೊತ್ತು ಮುಳುಗುವಾಗ, ಯಜಮಾನರು ಹೊಲದಿಂದ ಬಂದರೇ ಎಂದು ದಿನಾಲೂ ಕೇಳುವರು. ಅವರು ತೀರಿಹೋಗಿ ಒಂಬತ್ತು ವರುಷವಾಯಿತು. ಮೊದಮೊದಲು ಮಗನು, ಅಪ್ಪ ಸತ್ತದ್ದು ಮರೆತೆಯಾ ಅವ್ವಾ, ಎಂದು ಹೇಳಿಬಿಡುವನು. ಆಗ ಅವರು ಅಂದೇ ಸುದ್ದಿ ಕೇಳಿದವರ ಹಾಗೆ ಎದೆ ಬಡಿದುಕೊಂಡು ಅಳುವರು. ಮರುದಿನ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಅಳು. ಸೊಸೆಯು ಇದನ್ನು ನೋಡಲಾರದೆ ಬೇರೆ ದಾರಿ ಹಿಡಿದಳು. ಅತ್ತೇ, ಮಾವನವರಿಗೆ ಯಾವ ಸಾರು ಇಷ್ಟವಾಗಿತ್ತು ಎಂದು ಕೇಳುವಳು. ಅಜ್ಜಿಯು ಹುರುಳಿಕಾಳಿನ ಬಸ್ಸಾರನ್ನು ಮಾಡುವ ರೀತಿಯನ್ನು ಹೇಳುತ್ತಾ ಹೇಳುತ್ತಾ ತಣ್ಣಗಾಗುವರು. ಇದು ಸುಳ್ಳು ಹೇಳಿದ ಹಾಗಾಯಿತೇ ಎಂದು ಆ ಸೊಸೆಯು ನಮ್ಮನ್ನು ಕೇಳಿದಳು. ಅವಳು ಸುಳ್ಳನ್ನು ಹೇಳಲಿಲ್ಲ, ಪ್ರಶ್ನೆಯೊಳಗಿದ್ದ ಪ್ರೀತಿಗೆ ಉತ್ತರಕೊಟ್ಟಳೆಂಬದು ನಮ್ಮ ಅಭಿಪ್ರಾಯ.

ಇಂಥ ಮನೆಗಳಲ್ಲಿ ಭಾರವೆಲ್ಲಾ ಹೆಚ್ಚಾಗಿ ಒಬ್ಬಳ ಮೇಲೆಯೇ ಬೀಳುವದು. ಬಾಗಿಲಿಗೆ ಒಳಚಿಲಕ ಹಾಕುವವಳು, ರಾತ್ರಿ ಎದ್ದು ಒಲೆಯ ಕಡೆಗೆ ನಡೆಯುವವರನ್ನು ಹಿಂದಕ್ಕೆ ಕರೆತರುವವಳು, ಕಳ್ಳಿಯೆಂಬ ಮಾತು ಕೇಳಿಯೂ ಅನ್ನ ಕಲಸಿ ಕೊಡುವವಳು ಅವಳೇ. ಅವಳು ತವರಿಗೆ ಹೋಗಿ ಎಷ್ಟು ವರುಷವಾಯಿತೆಂದು ನಮ್ಮಲ್ಲಿ ಯಾರಾದರೂ ಕೇಳಿದ್ದುಂಟೇ? ನಮ್ಮ ಊರಿನಲ್ಲಿ ಈಗ ನಾಲ್ಕು ಮನೆಯ ಹೆಂಗಸರು ಸರದಿ ಮಾಡಿಕೊಂಡು ಬುಧವಾರವೂ ಶನಿವಾರವೂ ಮಧ್ಯಾಹ್ನದ ಮೇಲೆ ಆ ಅಜ್ಜಿಯ ಸಂಗಡ ಕೂತು ಅವರೆಕಾಯಿ ಸುಲಿಯುವರು. ಅಷ್ಟು ಹೊತ್ತು ಸೊಸೆಯು ಸಂತೆಗೆ ಹೋಗುವಳು, ಇಲ್ಲವೆ ಮಲಗುವಳು. ಹಾಲಿನ ಸಂಘದ ಆ ಹಿರಿಯರೂ ಬೆಳಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ಬಂದು ನಿಲ್ಲುವರು; ಅವರ ಮನೆಯಲ್ಲಿ ಈಗ ಕರೆಯುವ ಹಸುವಿಲ್ಲ. ಹಾಲು ಅಳೆಯುವ ಹುಡುಗನು, ಬನ್ನಿ ತಾತಾ, ಎಂದು ಅವರನ್ನು ಬೆಂಚಿನ ಮೇಲೆ ಕೂರಿಸಿ, ಮಗನು ಬರುವ ತನಕ ಸಂಗಡ ಇರುವನು.